ಕಾಗದಕ್ಕೂ ಒಂದು ದಿಕ್ಕಿದೆ

ಕೈಯಿಂದ ಮಾಡುವ ಶುಭಾಶಯ ಪತ್ರಗಳ ಕುರಿತ ನಮ್ಮ ಕಾರ್ಯಕ್ರಮದಲ್ಲಿ ನೀವು ನೋಡಿದ ಪತ್ರ ಎರಡನೆಯದು. ಮೊದಲನೆಯದು ತೆರೆಯ ಮೇಲೆ ಬರಲೇ ಇಲ್ಲ. ಅರ್ಧ ಗಂಟೆಯ ಮಾತುಕತೆಯಲ್ಲಿ ಹೇಳಲಾಗದೆ ಉಳಿದ ಆ ಪತ್ರದ ಕಥೆಯಿಂದಲೇ ಇಲ್ಲಿ ಆರಂಭಿಸುತ್ತೇನೆ.

ಅತಿಥಿಯಾಗಿ ಬಂದಿದ್ದ ಪದವಿ ತರಗತಿಯ ವಿದ್ಯಾರ್ಥಿನಿ, ನಿವೃತ್ತರಾಗುತ್ತಿದ್ದ ತನ್ನ ಅಧ್ಯಾಪಕರಿಗೆ ಕೊಡಲೆಂದು ಅದನ್ನು ಮಾಡಿಕೊಂಡು ಬಂದಿದ್ದಳು. ದಪ್ಪ ಹಾಳೆಯನ್ನು ಎರಡಾಗಿ ಮಡಿಸಿ, ಮುಖಪುಟಕ್ಕೆ ಮೈದಾ ಅಂಟಿನಿಂದ ಬಣ್ಣದ ಹಾಳೆಯೊಂದನ್ನು ಅಂಟಿಸಿದ್ದಳು. ಅದರ ಮೇಲೆ ಸೇವಂತಿಗೆ ಹೂವಿನ ಮುದ್ರೆ, ಪಕ್ಕದಲ್ಲಿ ಡೈನಿಂದ ಕತ್ತರಿಸಿದ ಎಲೆಗಳು. ನೋಡಲು ಸೊಗಸಾಗಿಯೇ ಇತ್ತು. ಸ್ಟುಡಿಯೊದ ದೀಪಗಳನ್ನು ಹೊತ್ತಿಸಿ ಕ್ಯಾಮೆರಾ ಸರಿಪಡಿಸಿಕೊಳ್ಳುವಷ್ಟರಲ್ಲಿ ಪತ್ರ ಸುಟ್ಟ ಹಪ್ಪಳದಂತೆ ಮುರುಟಿಕೊಂಡಿತು. ಮಡಿಕೆಯ ಉದ್ದಕ್ಕೂ ಮೇಲ್ಮೈಯ ಬಣ್ಣ ಬಿರಿದು ಒಳಗಿನ ಬಿಳುಪು ಕಾಣುತ್ತಿತ್ತು. "ನನ್ನ ಕೈಯೇ ಸರಿಯಿಲ್ಲ ಸರ್. ಎಷ್ಟು ಸಲ ಮಾಡಿದರೂ ಹೀಗೇ ಆಗುತ್ತದೆ" ಎಂದು ಆಕೆ ಸಪ್ಪೆ ಮುಖ ಮಾಡಿದಳು.

ವಿಜ್ಞಾನ ಪದವೀಧರನೆಂದು ಹೇಳಿಕೊಳ್ಳುವ ನನಗೂ ಕಾರಣ ಹೊಳೆಯಲಿಲ್ಲ. ನಮ್ಮಲ್ಲಿ ಶೀರ್ಷಿಕೆ ಬರೆಯುವ ಹಿರಿಯ ಕಲಾವಿದರೊಬ್ಬರು ಹಿಂದೆ ಅಚ್ಚುಕೂಟದಲ್ಲಿ ಕೆಲಸ ಮಾಡಿದವರು. ಅವರು ಉಳಿದ ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹರಿದು ನೋಡಿದರು. "ನಿನ್ನ ಕೈ ಚೆನ್ನಾಗಿಯೇ ಇದೆಯಮ್ಮ. ಹಾಳೆಯನ್ನು ಅಡ್ಡ ಮಡಿಸಿದ್ದೀಯ, ಅಷ್ಟೆ" ಎಂದರು.

ಕಾಗದಕ್ಕೆ ಉದ್ದ, ಅಗಲ ಇರುವುದು ನಮಗೆ ಗೊತ್ತು. ಅದಕ್ಕೊಂದು ದಿಕ್ಕೂ ಇದೆ ಎನ್ನುವುದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಕಾಗದವೆಂದರೆ ಸೆಲ್ಯುಲೋಸ್ ನಾರುಗಳು ಒಂದರ ಮೇಲೊಂದು ಹೆಣೆದುಕೊಂಡು ಒಣಗಿದ ಪದರ. ಹಿಂದೆ ಚೌಕಟ್ಟಿಗೆ ಕಟ್ಟಿದ ಜಾಲರಿಯನ್ನು ನಾರಿನ ಗಂಜಿಯಲ್ಲಿ ಅದ್ದಿ ಮೇಲೆತ್ತಿ, ಒಂದೊಂದೇ ಹಾಳೆಯನ್ನು ಮಾಡುತ್ತಿದ್ದರು. ಕೈಕಾಗದವನ್ನು ಈಗಲೂ ಹಾಗೆಯೇ ಮಾಡುತ್ತಾರೆ. ಜಾಲರಿಯನ್ನು ಅತ್ತಿತ್ತ ಅಲುಗಿಸುವುದರಿಂದ ನಾರುಗಳು ಎಲ್ಲ ದಿಕ್ಕಿಗೂ ಚದುರಿಕೊಳ್ಳುತ್ತವೆ. 1799ರಲ್ಲಿ ಫ್ರಾನ್ಸಿನ ನಿಕೊಲಾ ಲೂಯಿ ರೊಬೇರ್ ಎಡೆಬಿಡದೆ ಕಾಗದ ತಯಾರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅಲ್ಲಿಂದ ಮುಂದೆ ಚಿತ್ರ ಬದಲಾಯಿತು. ದಾಂಡೇಲಿಯಂಥ ಊರಿನ ಕಾಗದ ಕಾರ್ಖಾನೆಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಓಡುವ ಜಾಲರಿಯ ಮೇಲೆ ಗಂಜಿ ಬೀಳುವಾಗ ಹೆಚ್ಚಿನ ನಾರುಗಳು ಯಂತ್ರ ಓಡುವ ದಿಕ್ಕಿಗೇ ತಿರುಗಿ ಮಲಗುತ್ತವೆ, ಹೊಳೆಯಲ್ಲಿ ತೇಲುವ ಕಡ್ಡಿಗಳು ನೀರು ಹರಿಯುವ ಕಡೆಗೆ ತಿರುಗಿಕೊಳ್ಳುವ ಹಾಗೆ. ಅಚ್ಚುಕೂಟದವರು ಇದನ್ನು ಗ್ರೇನ್ ಎನ್ನುತ್ತಾರೆ.

ನಾರುಗಳು ಮಲಗಿರುವ ದಿಕ್ಕಿಗೆ ಹಾಳೆಯನ್ನು ಮಡಿಸಿದರೆ ಅವುಗಳ ನಡುವೆ ಮಡಿಕೆ ಸಲೀಸಾಗಿ ಬೀಳುತ್ತದೆ. ಅಡ್ಡಲಾಗಿ ಮಡಿಸಿದರೆ ಸಾವಿರಾರು ನಾರುಗಳು ಬಾಗಬೇಕು, ಕೆಲವು ಮುರಿಯಬೇಕು. ಬಿರುಕು ಬರುವುದು ಆಗಲೇ. ಇನ್ನೂ ಒಂದು ಸಂಗತಿಯಿದೆ. ನೀರು ತಾಗಿದಾಗ ನಾರು ಉದ್ದದಲ್ಲಿ ಬೆಳೆಯುವುದು ತೀರ ಸ್ವಲ್ಪ, ದಪ್ಪದಲ್ಲಿ ಉಬ್ಬುವುದು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಹಾಗಾಗಿ ಒದ್ದೆಯಾದ ಹಾಳೆ ಗ್ರೇನಿಗೆ ಅಡ್ಡವಾಗಿ ಹಿಗ್ಗುತ್ತದೆ, ಒಣಗಿದಾಗ ಅದೇ ಕಡೆಗೆ ಕುಗ್ಗುತ್ತದೆ. ನಮ್ಮ ವಿದ್ಯಾರ್ಥಿನಿಯ ಬಣ್ಣದ ಹಾಳೆ ಮೈದಾ ಅಂಟಿನ ನೀರು ಕುಡಿದು ಹಿಗ್ಗಿತ್ತು. ಹಿಗ್ಗಿದ ಸ್ಥಿತಿಯಲ್ಲೇ ಅದು ದಪ್ಪ ಹಾಳೆಗೆ ಅಂಟಿಕೊಂಡಿತು. ದೀಪಗಳ ಶಾಖಕ್ಕೆ ಒಣಗಿ ಕುಗ್ಗುವಾಗ ದಪ್ಪ ಹಾಳೆಯನ್ನೂ ತನ್ನ ಜೊತೆ ಎಳೆದುಕೊಂಡಿತು. ಪುಸ್ತಕದ ರಟ್ಟು ಕಟ್ಟುವವರಿಗೆ ಈ ಎಳೆದಾಟ ಚೆನ್ನಾಗಿ ಗೊತ್ತು. ರಟ್ಟಿನ ಹೊರಮೈಗೆ ಒಂದು ಹಾಳೆ ಅಂಟಿಸಿದರೆ ಒಳಮೈಗೂ ಒಂದನ್ನು ಅಂಟಿಸುತ್ತಾರೆ. ಎರಡೂ ಕಡೆಯ ಎಳೆತ ಸಮನಾಗಿ ರಟ್ಟು ನೆಟ್ಟಗೆ ನಿಲ್ಲುತ್ತದೆ.

ಗ್ರೇನ್ ಯಾವ ಕಡೆಗಿದೆ ಎಂದು ತಿಳಿಯಲು ಉಪಕರಣವೇನೂ ಬೇಡ. ಹಾಳೆಯ ಒಂದು ತುಂಡನ್ನು ಎರಡೂ ದಿಕ್ಕಿಗೆ ಹರಿದು ನೋಡಿ. ಗ್ರೇನ್ ಇರುವ ಕಡೆ ಹೆಚ್ಚುಕಡಿಮೆ ನೇರವಾಗಿ ಹರಿಯುತ್ತದೆ, ಇನ್ನೊಂದು ಕಡೆ ಎಲ್ಲೆಲ್ಲಿಗೋ ಓಡುತ್ತದೆ. ಹರಿಯಲು ಮನಸ್ಸಿಲ್ಲದಿದ್ದರೆ ಹಾಳೆಯನ್ನು ಮಡಿಸದೆ ಸುಮ್ಮನೆ ಬಾಗಿಸಿ ಅಂಗೈಯಿಂದ ಮೆಲ್ಲನೆ ಒತ್ತಿ. ಯಾವ ಕಡೆ ಸುಲಭವಾಗಿ ಬಾಗುತ್ತದೆಯೋ ಆ ಕಡೆಯ ಮಡಿಕೆ ಗ್ರೇನಿಗೆ ಸಮಾಂತರ. ಸಣ್ಣ ತುಂಡಿನ ಒಂದು ಮೈಯನ್ನು ಮಾತ್ರ ಒದ್ದೆ ಮಾಡಿದರೆ ಅದು ತಾನಾಗಿಯೇ ಕೊಳವೆಯಂತೆ ಸುತ್ತಿಕೊಳ್ಳುತ್ತದೆ. ಆ ಕೊಳವೆಯ ಉದ್ದ ಗ್ರೇನಿನ ದಿಕ್ಕನ್ನು ತೋರಿಸುತ್ತದೆ. ಮೂರರಲ್ಲಿ ನನಗೆ ಇದೇ ಇಷ್ಟ, ನೋಡಲು ಚೆಂದ.

ಈಗ ಲೆಕ್ಕಕ್ಕೆ ಬನ್ನಿ. ಎ-4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಅದರ ಗ್ರೇನ್ ಉದ್ದಕ್ಕೆ ಇದ್ದರೆ, ನಾವೆಲ್ಲ ಮಾಡುವಂತೆ ಅರ್ಧಕ್ಕೆ ಮಡಿಸಿದಾಗ ಮಡಿಕೆ ಗ್ರೇನಿಗೆ ಅಡ್ಡ ಬೀಳುತ್ತದೆ. ಆಕೆ ಮಾಡಿದ್ದೂ ಅದನ್ನೇ. ಅದರ ಬದಲು ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಎರಡು ತುಂಡು ಮಾಡಿ, ಪ್ರತಿ ತುಂಡನ್ನೂ ಮತ್ತೆ ಅರ್ಧಕ್ಕೆ ಮಡಿಸಿ. ಈಗ ಮಡಿಕೆ ಗ್ರೇನಿನ ಜೊತೆಗೇ ಸಾಗುತ್ತದೆ, ಒಂದು ಹಾಳೆಯಲ್ಲಿ ಎರಡು ಪತ್ರಗಳೂ ಆಗುತ್ತವೆ. ಮಡಿಸುವ ಮುಂಚೆ ಸ್ಕೇಲಿಟ್ಟು, ಇಂಕು ಮುಗಿದ ಬಾಲ್‌ಪೆನ್ನಿನಿಂದ ಗೀರಿಕೊಳ್ಳಿ. ಗೀರಿದ ಹಳ್ಳ ಹೊರಗಡೆ ಉಳಿಯುವಂತೆ ಮಡಿಸಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದಕ್ಕೆ ತಿರುಗುಮುರುಗಾಗಿ.

ಹಾಳೆಯ ದಪ್ಪವನ್ನು ಅಂಗಡಿಯಲ್ಲಿ ಜಿ.ಎಸ್.ಎಂ. ಎಂದು ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಎ-4 ಹಾಳೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಆದ್ದರಿಂದ 80 ಜಿ.ಎಸ್.ಎಂ.ನ ಝೆರಾಕ್ಸ್ ಹಾಳೆ 5 ಗ್ರಾಂ, 240 ಜಿ.ಎಸ್.ಎಂ.ನದು 15 ಗ್ರಾಂ. ಪತ್ರ ತಾನಾಗಿ ನಿಲ್ಲಬೇಕಾದರೆ 200ಕ್ಕೆ ಮೇಲ್ಪಟ್ಟದ್ದು ಒಳ್ಳೆಯದು.

ಇನ್ನು ಮುದ್ರೆ. ನಾವೆಲ್ಲ ಮೊದಲು ಒತ್ತಿದ ಮುದ್ರೆ ಬೆಂಡೆಕಾಯಿಯದು. ಅಡ್ಡ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಐದು ದಳದ ಹೂವು. ಮುದ್ರೆಯಲ್ಲಿ ಉಬ್ಬಿದ ಭಾಗ ಮಾತ್ರ ಬಣ್ಣ ಹಿಡಿಯುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಪಡಿಯಚ್ಚು ಇದರ ವಿರುದ್ಧ, ಅಲ್ಲಿ ಚಿತ್ರವಿರುವುದು ತಗ್ಗಿನಲ್ಲಿ. ಹಸಿ ರಬ್ಬರ್ ಬೇಸಿಗೆಯಲ್ಲಿ ಅಂಟಂಟಾಗಿ ಚಳಿಯಲ್ಲಿ ಗಡುಸಾಗುವುದರಿಂದ ಮುದ್ರೆಗೆ ಒದಗುತ್ತಿರಲಿಲ್ಲ. ಅದಕ್ಕೆ ಗಂಧಕ ಬೆರೆಸಿ ಕಾಯಿಸುವ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ನಂತರದ ದಶಕಗಳಲ್ಲಿ ರಬ್ಬರ್ ಮುದ್ರೆಗಳು ಬಂದವು. ಈಗ ಸಿಗುವ ಪಾರದರ್ಶಕ ಮುದ್ರೆಗಳು ಬಹುಮಟ್ಟಿಗೆ ಫೋಟೊಪಾಲಿಮರಿನವು. ದ್ರವರೂಪದ ರಾಳ ಅತಿನೇರಳೆ ಬೆಳಕು ಬಿದ್ದಲ್ಲಿ ಗಟ್ಟಿಯಾಗುತ್ತದೆ, ಉಳಿದದ್ದನ್ನು ತೊಳೆದುಬಿಡುತ್ತಾರೆ. ಹೊಸ ಮುದ್ರೆ ಇಂಕನ್ನು ಹಿಡಿಯದೆ ಹನಿಹನಿಯಾಗಿಸಿದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಮ್ಮೆ ಮೆಲ್ಲನೆ ಉಜ್ಜಿ, ಸರಿಹೋಗುತ್ತದೆ.

ದುಡ್ಡು ಕೊಡದೆ ಮುದ್ರೆ ಬೇಕೆನ್ನುವವರು ಅದೇ ಅಳಿಸುವ ರಬ್ಬರಿನ ಮೇಲೆ ಕೆತ್ತಬಹುದು. ತೊಡಕೆಲ್ಲ ಅಕ್ಷರ ತಿರುಗುಮುರುಗಾಗಬೇಕೆಂಬುದರಲ್ಲಿ. ಅದಕ್ಕೆ ಉಪಾಯವಿದೆ. "ಶುಭ" ಎಂದು ಕಾಗದದ ಮೇಲೆ ಮೃದು ಪೆನ್ಸಿಲಿನಿಂದ ಸಹಜವಾಗಿಯೇ ಬರೆಯಿರಿ. ಆ ಕಾಗದವನ್ನು ರಬ್ಬರಿನ ಮೇಲೆ ಮಗುಚಿ ಬೆನ್ನನ್ನು ಉಗುರಿನಿಂದ ಉಜ್ಜಿ. ಬರವಣಿಗೆ ತಾನಾಗಿ ತಿರುಗಿ ಬೀಳುತ್ತದೆ, ಒತ್ತಿದಾಗ ಮತ್ತೆ ನೇರವಾಗುತ್ತದೆ. ಕೆತ್ತುವಾಗ ಬ್ಲೇಡು ಗೆರೆಯಿಂದ ಹೊರಕ್ಕೆ ವಾಲಿರಲಿ. ಗೆರೆಯ ಬುಡ ಅಗಲವಾಗಿದ್ದರೆ ಮಾತ್ರ ಅದು ಒತ್ತಡವನ್ನು ತಡೆಯುತ್ತದೆ.

ಇಂಕಿನ ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಡೈ ಇಂಕು ಎಂಬುದು ದ್ರವದಲ್ಲಿ ಕರಗಿದ ಬಣ್ಣ. (ಇಲ್ಲಿ ಡೈ ಎಂದರೆ ಬಣ್ಣ, ಕತ್ತರಿಸುವ ಡೈ ಅಲ್ಲ. ಒಂದೇ ಉಚ್ಚಾರದ ಎರಡು ಪದಗಳು ಒಂದೇ ಕಸುಬಿನಲ್ಲಿ ಸೇರಿಕೊಂಡಿವೆ.) ಅದು ನಾರಿನೊಳಕ್ಕೆ ಇಳಿದು ಬೇಗ ಒಣಗುತ್ತದೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಕಣಗಳು ಕರಗಿರುವುದಿಲ್ಲ, ಅವು ಮೇಲ್ಮೈಯಲ್ಲೇ ಕುಳಿತು ನಿಧಾನವಾಗಿ ಒಣಗುತ್ತವೆ. ಕೈಕಾಗದದ ಮೇಲೆ ಡೈ ಇಂಕಿನ ಗೆರೆ ಕೆಲವೊಮ್ಮೆ ಜೇಡರ ಕಾಲಿನಂತೆ ಹರಡುತ್ತದಲ್ಲ, ಅದು ಲೋಮನಾಳ ಕ್ರಿಯೆ. ದೀಪದ ಬತ್ತಿಗೆ ಎಣ್ಣೆ ಏರುವುದೂ ಹಾಗೆಯೇ. ಹಾಳೆಯ ಮೂಲೆಗೆ ಒಂದು ಹನಿ ನೀರು ಬಿಟ್ಟು ನೋಡಿ. ಕ್ಷಣದಲ್ಲಿ ಇಂಗಿದರೆ ಆ ಹಾಳೆಗೆ ಪಿಗ್ಮೆಂಟ್ ಇಂಕೇ ಸರಿ.

ಪಿಗ್ಮೆಂಟ್ ಇಂಕು ನಿಧಾನವಾಗಿ ಒಣಗುವುದೇ ಇನ್ನೊಂದು ಕೆಲಸಕ್ಕೆ ಅನುಕೂಲ. ಹಸಿ ಮುದ್ರೆಯ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿ, ಹೆಚ್ಚಿನದನ್ನು ಕೊಡವಿ, ಬಿಸಿ ಮಾಡಿದರೆ ಪುಡಿ ಕರಗಿ ಹೊಳೆಯುವ ಉಬ್ಬುಗೆರೆಯಾಗುತ್ತದೆ. ಆ ಪುಡಿ ಶಾಖಕ್ಕೆ ಕರಗಿ ತಣಿದಾಗ ಗಟ್ಟಿಯಾಗುವ ಪ್ಲಾಸ್ಟಿಕ್ ರಾಳ. ಕೂದಲು ಒಣಗಿಸುವ ಯಂತ್ರ ಇದಕ್ಕೆ ಆಗದು, ಅದರ ಶಾಖ ಸಾಲದು, ಗಾಳಿ ಮಾತ್ರ ಪುಡಿಯನ್ನೆಲ್ಲ ಹಾರಿಸಿಬಿಡುತ್ತದೆ. ಹೀಟ್ ಗನ್ ಬಳಸುವಾಗ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿರಲಿ, ಪತ್ರವನ್ನು ಬೆರಳಿನಿಂದಲ್ಲ, ಇಕ್ಕಳದಿಂದ ಹಿಡಿಯಿರಿ.

ಡೈ ಎಂದರೆ ಪೂರಿಯನ್ನು ಡಬ್ಬಿಯ ಮುಚ್ಚಳದಿಂದ ದುಂಡಗೆ ಕತ್ತರಿಸುವ ತಂತ್ರವೇ. ಲಗ್ನಪತ್ರಿಕೆ ಅಚ್ಚುಹಾಕುವವರು ಪ್ಲೈವುಡ್ಡಿನಲ್ಲಿ ಉಕ್ಕಿನ ಪಟ್ಟಿಯನ್ನು ಬಾಗಿಸಿ ಕೂರಿಸಿದ ಡೈಗಳನ್ನು ಬಳಸುತ್ತಾರೆ. ಹವ್ಯಾಸಿಗಳ ಡೈಗಳು ತೆಳು ಲೋಹದವು. ಬೇಡದ ಲೋಹವನ್ನು ರಾಸಾಯನಿಕದಿಂದ ತಿನ್ನಿಸಿ ಅಂಚನ್ನು ಮಾತ್ರ ಉಳಿಸಿರುತ್ತಾರೆ. ಡೈ ಮತ್ತು ಹಾಳೆಯನ್ನು ಎರಡು ಪ್ಲಾಸ್ಟಿಕ್ ಫಲಕಗಳ ನಡುವೆ ಇಟ್ಟು, ಕಬ್ಬಿನ ಗಾಣದಂತೆ ಎರಡು ಉರುಳೆಗಳ ನಡುವೆ ಹಾಯಿಸುತ್ತಾರೆ. ಕೈಯಿಂದ ತಿರುಗಿಸುವ ಪುಟ್ಟ ಯಂತ್ರ ಉಕ್ಕಿನ ಅಂಚನ್ನು ದಪ್ಪ ಹಾಳೆಯೊಳಗೆ ಹೇಗೆ ಇಳಿಸುತ್ತದೆ? ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಎಲೆಯ ಆಕಾರದ ಡೈಯ ಸುತ್ತಳತೆ 20 ಸೆಂ.ಮೀ., ಅಂಚಿನ ಅಗಲ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. ಹಾಳೆಗೆ ತಾಗುವ ಜಾಗ 0.2 ಚದರ ಸೆಂ.ಮೀ. ಎಲೆಯೊಳಗಿನ ವಿಸ್ತೀರ್ಣವೋ ಸುಮಾರು 20 ಚದರ ಸೆಂ.ಮೀ. ಅದೇ ಬಲ ಇಡೀ ಎಲೆಯ ಬದಲು ಅಂಚಿಗೆ ಮಾತ್ರ ಬಿದ್ದರೆ ಒತ್ತಡ ನೂರು ಪಟ್ಟು.

ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಕತ್ತರಿಸದಿದ್ದರೆ ಬಲಪ್ರಯೋಗ ಬೇಡ. ಫಲಕದ ಕೆಳಗೆ ಒಂದು ತೆಳು ಹಾಳೆಯಿಟ್ಟು ಮತ್ತೆ ಹಾಯಿಸಿ. ಆ ಕೂದಲೆಳೆಯ ದಪ್ಪವೇ ಸಾಕು. ಸೂಕ್ಷ್ಮ ವಿನ್ಯಾಸದಲ್ಲಿ ಕಾಗದ ಸಿಕ್ಕಿಕೊಂಡರೆ ಮುಂದಿನ ಸಲ ನಡುವೆ ಬಟರ್ ಪೇಪರ್ ಇಡಿ. ಫಲಕ ಬಾಗತೊಡಗಿದರೆ ಮಗುಚಿ ಹಾಕಿ.

ಮುದ್ರೆ, ಡೈ, ಬಟ್ಟೆ ಚೂರು, ಹಳೆಯ ಪತ್ರಿಕೆಯ ತುಣುಕು ಎಲ್ಲವನ್ನೂ ಒಂದೇ ಹಾಳೆಯ ಮೇಲೆ ಸೇರಿಸುವುದು ಈಗಿನ ರೂಢಿ. ಇದು ತಮಾಷೆಯ ಕೆಲಸವೇನಲ್ಲ. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಚಿತ್ರದ ಮೇಲೆ ಅಂಟಿಸಿ, ಚೌಕಟ್ಟಿನ ಬದಲು ಸುತ್ತ ಹಗ್ಗ ಕಟ್ಟಿದ. ಅವನಿಗಿಂತ ಬಹಳ ಹಿಂದೆ, ಇಂಗ್ಲೆಂಡಿನ ಮೇರಿ ಡಿಲೇನಿ ಎಂಬ ಮಹಿಳೆ ಎಪ್ಪತ್ತು ದಾಟಿದ ಮೇಲೆ ಬಣ್ಣದ ಕಾಗದ ಕತ್ತರಿಸಿ ಹೂಗಿಡಗಳ ಚಿತ್ರಗಳನ್ನು ಮಾಡಲು ಶುರುಮಾಡಿದರು. ಡೈ ಇರಲಿಲ್ಲ, ಕತ್ತರಿಯಷ್ಟೇ. ಒಟ್ಟು ಒಂಬೈನೂರಕ್ಕೂ ಹೆಚ್ಚು ಚಿತ್ರಗಳು, ಈಗ ಅವು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಂಗಡಿಯ ಶುಭಾಶಯ ಪತ್ರದ ಚರಿತ್ರೆ ಇದಕ್ಕಿಂತ ಈಚಿನದು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಚಿತ್ರಕಾರ ಹಾರ್ಸ್‌ಲಿಯಿಂದ ಬರೆಸಿ ಸುಮಾರು 1000 ಕ್ರಿಸ್‌ಮಸ್ ಪತ್ರಗಳನ್ನು ಅಚ್ಚುಹಾಕಿಸಿ, ಒಂದು ಷಿಲಿಂಗಿಗೆ ಒಂದರಂತೆ ಮಾರಿಸಿದ. ಅಚ್ಚಾದ ಗೆರೆಗಳಿಗೆ ಬಣ್ಣ ತುಂಬಿದ್ದು ಮಾತ್ರ ಕೈಯಿಂದ.

"ಹೂವನ್ನು ಬರೆದವರು ಬೇರೆ ಯಾರೋ, ನಾನು ಒತ್ತಿದೆ ಅಷ್ಟೆ, ಇದು ನನ್ನದು ಹೇಗಾದೀತು?" ಎಂದು ವೀಕ್ಷಕರೊಬ್ಬರು ಕೇಳಿದ್ದರು. ಹೂವಿನ ಚಿತ್ರ ನಿಮ್ಮದಲ್ಲ ನಿಜ. ಅದನ್ನು ಎಲ್ಲಿ ಇಟ್ಟಿರಿ, ಎಷ್ಟು ಜಾಗ ಖಾಲಿ ಬಿಟ್ಟಿರಿ, ಒಳಗೆ ಏನು ಬರೆದಿರಿ ಎನ್ನುವುದು ನಿಮ್ಮದೇ. ಡಬ್ಬಿಗಟ್ಟಲೆ ಮುದ್ರೆಗಳನ್ನು ಕೊಂಡವರ ಪತ್ರಗಳಲ್ಲಿ ಖಾಲಿ ಜಾಗವೇ ಇಲ್ಲದಿರುವುದನ್ನು ನಾನು ಕಂಡಿದ್ದೇನೆ. ಎರಡೋ ಮೂರೋ ಮುದ್ರೆ ಸಾಕು ಎಂಬುದು ನನ್ನ ಅಭಿಪ್ರಾಯ, ಒಪ್ಪದಿರುವ ಸ್ವಾತಂತ್ರ್ಯ ನಿಮಗಿದೆ.

ಪತ್ರಿಕೆಯ ತುಣುಕು ಅಂಟಿಸುವವರಿಗೆ ಒಂದು ಎಚ್ಚರಿಕೆ. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಹಾಗೆಯೇ ಉಳಿದಿರುವುದರಿಂದ ಬೆಳಕಿಗೆ ಬೇಗ ಹಳದಿಯಾಗುತ್ತದೆ, ಅದರ ಆಮ್ಲ ಪಕ್ಕದ ಹಾಳೆಗೂ ಇಳಿಯುತ್ತದೆ. ಬಹುಕಾಲ ಉಳಿಯಬೇಕಾದ ಪತ್ರಕ್ಕೆ ಆ ತುಣುಕಿನ ಝೆರಾಕ್ಸ್ ಪ್ರತಿಯನ್ನು ಬಳಸಿ. ಮೈದಾ ಅಂಟು ಅಗ್ಗ, ಆದರೆ ಜಿರಳೆಗೂ ಬೆಳ್ಳಿಹುಳುವಿಗೂ ಪ್ರಿಯ. ಹುಳ ಬಾರದಿರಲೆಂದು ಹಿಂದಿನವರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ನೀವು ಬೆರೆಸಬೇಡಿ.

ಆ ದಿನ ಎರಡನೆಯ ಪತ್ರವನ್ನು ಆಕೆ ಸ್ಟುಡಿಯೊದ ಮೇಜಿನ ಮೇಲೆಯೇ ಮಾಡಿದಳು. ಹಾಳೆಯನ್ನು ಗ್ರೇನ್ ನೋಡಿ ಕತ್ತರಿಸಿ, ಬಣ್ಣದ ಹಾಳೆಯನ್ನು ಎರಡು ಬದಿಯೂ ಅಂಟಿರುವ ಟೇಪಿನಿಂದ ಕೂರಿಸಿದಳು. ನೀರಿನ ಅಂಶವೇ ಇಲ್ಲದ್ದರಿಂದ ಹಾಳೆಗೆ ಹಿಗ್ಗುವ ಸಂದರ್ಭವೇ ಬರಲಿಲ್ಲ. ಚಿತ್ರೀಕರಣ ಮುಗಿಯುವವರೆಗೂ ಅದು ದೀಪಗಳ ಕೆಳಗೆ ನೆಟ್ಟಗೆ ನಿಂತಿತ್ತು, ಅಲ್ಲಿಂದ ನೇರವಾಗಿ ಅಧ್ಯಾಪಕರ ಮನೆಗೆ ಹೋಯಿತು. ಮೊದಲನೆಯದನ್ನು ಕಸದ ಬುಟ್ಟಿಗೆ ಹಾಕಲು ಹೊರಟಿದ್ದವಳಿಂದ ನಾನು ಕೇಳಿ ಇಟ್ಟುಕೊಂಡೆ. ನನ್ನ ಮೇಜಿನ ಮೇಲೆ ಅದು ಈಗಲೂ ಇದೆ. ಜುಲೈ ತಿಂಗಳ ಮಳೆಯಲ್ಲಿ ತೇವ ಹೀರಿ ಹೆಚ್ಚುಕಡಿಮೆ ನೇರವಾಗುತ್ತದೆ, ಮಾರ್ಚ್ ಬಂತೆಂದರೆ ಮತ್ತೆ ಮುರುಟಿಕೊಳ್ಳುತ್ತದೆ.