ಕಲಿಯುವ ಉತ್ಸಾಹ ಕುಂದದಿರಲು

ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆಯುವ ಕಾಲಕ್ಕೆ ಹೆಚ್ಚುಕಡಿಮೆ ಜೊತೆಯಾಗಿಯೇ ಶ್ರುತಪಂಚಮಿಯೂ ಬರುತ್ತದೆ. ಜ್ಯೇಷ್ಠ ಶುಕ್ಲ ಪಂಚಮಿಯಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಪೀಠದ ಮೇಲಿರಿಸಿ ಪೂಜಿಸುತ್ತೇವೆ. ಶ್ರುತಜ್ಞಾನಕ್ಕೆಂದೇ ಒಂದು ಪರ್ವದಿನವನ್ನು ಮೀಸಲಿಟ್ಟ ಈ ಪರಂಪರೆಯು, ಹೊಸ ಪುಸ್ತಕಗಳಿಗೆ ಬೈಂಡು ಹಾಕುತ್ತಿರುವ ವಿದ್ಯಾರ್ಥಿಗೆ ಏನು ಹೇಳುತ್ತದೆ? ಜೂನ್ ತಿಂಗಳಿನ ಉತ್ಸಾಹವು ದಸರಾ ರಜೆಯ ವೇಳೆಗೆ ಬತ್ತಿ, ‘ಇದು ನನ್ನ ತಲೆಗೆ ಹತ್ತುವುದಿಲ್ಲ’ ಎಂಬ ಮಾತಿನಲ್ಲಿ ಕೊನೆಗೊಳ್ಳುವುದನ್ನು ತರಗತಿಯಲ್ಲಿ ನಿಂತವರೆಲ್ಲರೂ ಕಂಡಿದ್ದಾರೆ. ಆ ಮಾತನ್ನು ಮಗು ಒಮ್ಮೆ ನಂಬಿಬಿಟ್ಟರೆ, ಅನಂತರ ಎಷ್ಟು ಚೆನ್ನಾಗಿ ಕಲಿಸಿದರೂ ಪ್ರಯೋಜನವಾಗುವುದು ಕಷ್ಟ.

ಜೈನ ಸಿದ್ಧಾಂತವು ಮೊದಲಿಗೆ ಆ ಮಾತನ್ನೇ ನಿರಾಕರಿಸುತ್ತದೆ. ಜ್ಞಾನವು ಹೊರಗಿನಿಂದ ತಂದು ತುಂಬುವ ಸರಕಲ್ಲ. ಅದು ಜೀವದ ಸ್ವಭಾವ. ಅತ್ಯಂತ ಅಲ್ಪವಾದ ನಿಗೋದ ಜೀವಿಯಲ್ಲಿಯೂ ಜ್ಞಾನದ ಒಂದು ಅಂಶವು ಮುಚ್ಚಿಹೋಗದೆ ಉಳಿದಿರುತ್ತದೆ ಎನ್ನುತ್ತದೆ ಆಗಮ. ಜ್ಞಾನಾವರಣೀಯ ಕರ್ಮವು ಮೂರ್ತಿಯ ಮುಂದೆ ಇಳಿಬಿಟ್ಟ ಪರದೆಯಂತೆ. ಪರದೆಯಿಂದಾಗಿ ಮೂರ್ತಿ ಕಾಣದಿರಬಹುದು, ಆದರೆ ಇಲ್ಲವಾಗುವುದಿಲ್ಲ. ಒಬ್ಬನಿಗೆ ಬೇಗ, ಇನ್ನೊಬ್ಬನಿಗೆ ತಡವಾಗಿ ಅರ್ಥವಾಗುವುದು ಆವರಣದ ತಾರತಮ್ಯದಿಂದ. ಆದುದರಿಂದ ಯಾವ ವಿದ್ಯಾರ್ಥಿಯೂ ‘ದಡ್ಡ’ನೆಂಬ ಜಾತಿಗೆ ಸೇರಿದವನಲ್ಲ.

ಈ ಪರದೆಯನ್ನು ದಪ್ಪವಾಗಿಸುವ ಕಾರಣಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಹೆಸರಿಸಿದ್ದಾರೆ: ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ. ಇನ್ನೊಬ್ಬನ ತಿಳಿವಳಿಕೆಯನ್ನು ಹೊಗಳಿದಾಗ ಒಳಗೊಳಗೇ ಕುದಿಯುವುದು ಪ್ರದೋಷ. ಗೊತ್ತಿದ್ದೂ ಗೊತ್ತಿಲ್ಲವೆಂದು ಮರೆಮಾಚುವುದು ನಿಹ್ನವ. ಕೊಡಲು ಯೋಗ್ಯವಾದ ವಿದ್ಯೆಯನ್ನು ಕೊಡದಿರುವುದು ಮಾತ್ಸರ್ಯ. ಮತ್ತೊಬ್ಬನ ಓದಿಗೆ ಅಡ್ಡಿಮಾಡುವುದು ಅಂತರಾಯ. ಇಂದಿನ ಪರೀಕ್ಷಾ ಪೈಪೋಟಿಯಲ್ಲಿ ಇವೆಲ್ಲವೂ ನಮಗೆ ಪರಿಚಿತವೇ. ಗೆಳತಿಗೆ ಟಿಪ್ಪಣಿ ಪುಸ್ತಕ ಕೊಡಬೇಡವೆಂದು ಮಗಳಿಗೆ ಹೇಳುವ ತಾಯಿಯೂ, ಪಕ್ಕದ ಮನೆಯ ಹುಡುಗನ ಅಂಕಗಳನ್ನು ದಿನವೂ ಎಣಿಸಿ ಹೇಳುವ ತಂದೆಯೂ ಮಕ್ಕಳ ಹಿತಕ್ಕಾಗಿಯೇ ಹಾಗೆ ಮಾಡುತ್ತಾರೆ. ಆದರೆ ಹೋಲಿಕೆಯಿಂದ ಹುಟ್ಟಿದ ಉತ್ಸಾಹವು ಹೋಲಿಕೆಯಲ್ಲಿ ಸೋತ ದಿನವೇ ಸಾಯುತ್ತದೆ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದ ನಾಡು ನಮ್ಮದು. ವಿದ್ಯೆ ಹಂಚಿದರೆ ಕಡಿಮೆಯಾಗುವುದಿಲ್ಲವೆಂದು ಮಕ್ಕಳಿಗೆ ಹೇಳಲು ನಾವು ದೂರ ಹೋಗಬೇಕಾಗಿಲ್ಲ.

ಓದುವ ಕ್ರಮದ ಬಗೆಗೂ ಆಚಾರ್ಯರು ಮೌನವಾಗಿಲ್ಲ. ಆರು ಅಂತರಂಗ ತಪಸ್ಸುಗಳಲ್ಲಿ ಸ್ವಾಧ್ಯಾಯವೂ ಒಂದು; ಅದಕ್ಕೆ ಐದು ಅಂಗಗಳು. ಶಬ್ದ ಮತ್ತು ಅರ್ಥಗಳನ್ನು ತಪ್ಪಿಲ್ಲದೆ ಓದುವುದು ವಾಚನಾ. ಸಂದೇಹವನ್ನು ಕೇಳಿ ತಿಳಿಯುವುದು ಪೃಚ್ಛನಾ. ತಿಳಿದುದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಚಿಂತಿಸುವುದು ಅನುಪ್ರೇಕ್ಷಾ. ಶುದ್ಧವಾಗಿ ಪುನರಾವರ್ತಿಸುವುದು ಆಮ್ನಾಯ. ಇತರರಿಗೆ ತಿಳಿಯಹೇಳುವುದು ಧರ್ಮೋಪದೇಶ. ಇದನ್ನು ಹೇಳಿರುವುದು ಶಾಸ್ತ್ರಾಧ್ಯಯನಕ್ಕಾಗಿ; ಆದರೂ ಶಾಲೆಯ ಪಾಠಕ್ಕೂ ಈ ಕ್ರಮ ಒಪ್ಪುತ್ತದೆ. ನಮ್ಮ ಮಕ್ಕಳಲ್ಲಿ ಅನೇಕರು ಆಮ್ನಾಯವೊಂದನ್ನೇ, ಅಂದರೆ ಬಾಯಿಪಾಠವನ್ನೇ ಓದೆಂದು ತಿಳಿದಿದ್ದಾರೆ. ಕೇಳದೆ, ಚಿಂತಿಸದೆ, ಯಾರಿಗೂ ಹೇಳದೆ ಉರುಹೊಡೆದರೆ ಬೇಸರ ಬಾರದೆ ಇನ್ನೇನು ಬಂದೀತು? ದಿನಕ್ಕೊಂದು ಪ್ರಶ್ನೆಯನ್ನು ಕೇಳುವ, ಕಲಿತುದನ್ನು ತಂಗಿಗೋ ತಮ್ಮನಿಗೋ ವಿವರಿಸುವ ವಿದ್ಯಾರ್ಥಿಯಲ್ಲಿ ಆಸಕ್ತಿಯು ತಾನಾಗಿ ಬೆಳೆಯುತ್ತದೆ.

ಸೋಲನ್ನು ಎದುರಿಸುವ ರೀತಿಯನ್ನು ಶ್ರುತಪಂಚಮಿಯ ಕಥೆಯೇ ತಿಳಿಸುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ತಮ್ಮೊಡನೆ ಶ್ರುತಜ್ಞಾನವು ಲುಪ್ತವಾದೀತೆಂದು ಚಿಂತಿಸಿ, ದಕ್ಷಿಣದಿಂದ ಇಬ್ಬರು ಮುನಿಗಳನ್ನು ಕರೆಸಿಕೊಂಡರು. ಅವರನ್ನು ಪರೀಕ್ಷಿಸಲು ಒಬ್ಬರಿಗೆ ಒಂದು ಅಕ್ಷರ ಹೆಚ್ಚಿರುವ, ಇನ್ನೊಬ್ಬರಿಗೆ ಒಂದು ಅಕ್ಷರ ಕಡಿಮೆಯಿರುವ ಮಂತ್ರವನ್ನು ಕೊಟ್ಟರು. ಸಾಧನೆಯ ಕೊನೆಗೆ ಕಾಣಿಸಿಕೊಂಡ ದೇವತೆಯರಲ್ಲಿ ಒಬ್ಬಳು ಉಬ್ಬುಹಲ್ಲಿನವಳು, ಇನ್ನೊಬ್ಬಳು ಒಕ್ಕಣ್ಣಿನವಳು. ಶಿಷ್ಯರು ಹೆದರಲಿಲ್ಲ, ಗುರುವನ್ನು ದೂರಲಿಲ್ಲ. ದೇವತೆಗಳಿಗೆ ವಿಕಾರವು ಸಹಜವಲ್ಲ, ದೋಷವು ಮಂತ್ರದಲ್ಲಿಯೇ ಇರಬೇಕೆಂದು ವಿಚಾರಿಸಿ, ವ್ಯಾಕರಣದ ಬಲದಿಂದ ತಾವೇ ತಿದ್ದಿಕೊಂಡು ಮತ್ತೆ ಜಪಿಸಿದರು; ದೇವತೆಯರು ಸಹಜರೂಪದಲ್ಲಿ ಕಾಣಿಸಿಕೊಂಡರು. ಗುರುಗಳು ಪರೀಕ್ಷಿಸಿದ್ದು ನೆನಪಿನ ಶಕ್ತಿಯನ್ನಲ್ಲ. ಫಲ ತಪ್ಪಾಗಿ ಬಂದಾಗ ಶಿಷ್ಯರು ಏನು ಮಾಡುತ್ತಾರೆಂಬುದನ್ನು. ಆ ಇಬ್ಬರೇ ಷಟ್ಖಂಡಾಗಮವನ್ನು ರಚಿಸಿದ ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು. ಅದರ ಧವಲಾ ಟೀಕೆಯ ತಾಡವೋಲೆಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ. ಲೆಕ್ಕ ತಪ್ಪಾದಾಗ ಪುಸ್ತಕ ಮುಚ್ಚುವ ಬದಲು, ಎಲ್ಲಿ ಒಂದು ಅಕ್ಷರ ಹೆಚ್ಚಾಯಿತು, ಎಲ್ಲಿ ಕಡಿಮೆಯಾಯಿತು ಎಂದು ಹುಡುಕುವವನು ಅವರ ದಾರಿಯಲ್ಲಿಯೇ ಇದ್ದಾನೆ.

ನೆನಪೇ ನಿಲ್ಲದವರಿಗೆ ಶಿವಭೂತಿ ಮುನಿಗಳಿದ್ದಾರೆ. ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಇವರನ್ನು ಸ್ಮರಿಸಿದ್ದಾರೆ. ಶಾಸ್ತ್ರದ ಪಾಠ ಇವರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಉದ್ದಿನ ಬೇಳೆ ಬೇರೆ, ಅದರ ಸಿಪ್ಪೆ ಬೇರೆ ಎಂಬ ಒಂದೇ ಮಾತನ್ನು ಹಿಡಿದು, ಹಾಗೆಯೇ ದೇಹ ಬೇರೆ, ಆತ್ಮ ಬೇರೆ ಎಂದು ಶುದ್ಧಭಾವದಿಂದ ಚಿಂತಿಸಿ ಕೇವಲಜ್ಞಾನವನ್ನು ಪಡೆದರು. ಮೋಕ್ಷಮಾರ್ಗದ ಈ ಕಥೆಯನ್ನು ಅಂಕಪಟ್ಟಿಯ ಮಟ್ಟಕ್ಕೆ ಇಳಿಸಬಾರದು. ಆದರೂ ಒಂದನ್ನು ಪೂರ್ತಿಯಾಗಿ ಗ್ರಹಿಸುವುದು, ಹತ್ತನ್ನು ಅರೆಬರೆಯಾಗಿ ಒಪ್ಪಿಸುವುದಕ್ಕಿಂತ ಮೇಲೆಂಬುದು ವಿದ್ಯಾರ್ಥಿಗೂ ಸಲ್ಲುವ ಮಾತು.

ಇನ್ನು ಆಚರಣೆಯ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಜೀವನಪರ್ಯಂತದ ತ್ಯಾಗಕ್ಕೆ ಯಮವೆಂದೂ, ಕಾಲಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಹೆಸರಿಟ್ಟರು. ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಎಂದು ನಿಯಮವನ್ನು ಸ್ವೀಕರಿಸಬಹುದು. ವಿದ್ಯಾರ್ಥಿಗಳು ‘ಇನ್ನು ಮೇಲೆ ಯಾವಾಗಲೂ ಓದುತ್ತೇನೆ’ ಎಂದು ದೊಡ್ಡ ಪ್ರತಿಜ್ಞೆ ಮಾಡಿ ಮೂರನೆಯ ದಿನ ಮುರಿಯುತ್ತಾರೆ. ಮುರಿದ ಪ್ರತಿಜ್ಞೆಯ ನಾಚಿಕೆಯಿಂದ ಇದ್ದ ಉತ್ಸಾಹವನ್ನೂ ಕಳೆದುಕೊಳ್ಳುತ್ತಾರೆ. ಅದರ ಬದಲು ಶ್ರುತಪಂಚಮಿಯಂದು ಬಸದಿಯಲ್ಲಿ ಸಣ್ಣದೊಂದು ನಿಯಮವನ್ನು ತೆಗೆದುಕೊಳ್ಳಲಿ: ಒಂದು ಪಕ್ಷದವರೆಗೆ, ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿದ ಮೇಲೆ ಒಂದು ಗಂಟೆ ಮೊಬೈಲ್ ಮುಟ್ಟದೆ ಓದುವುದು. ಹುಣ್ಣಿಮೆ ದಾಟಿ ಕೃಷ್ಣ ಪಂಚಮಿಗೆ ಅದು ಮುಗಿಯುತ್ತದೆ; ಮುಗಿದ ಮೇಲೆ ಮತ್ತೊಂದು ಪಕ್ಷಕ್ಕೆ ಮುಂದುವರಿಸಬಹುದು. ಆ ಒಂದು ಗಂಟೆ ಮನೆಯ ಹಿರಿಯರೂ ಟಿ.ವಿ. ಆರಿಸಿ, ಕೈಗೊಂದು ಗ್ರಂಥವನ್ನು ತೆಗೆದುಕೊಂಡು ಕುಳಿತರೆ, ಮಕ್ಕಳಿಗೆ ಬೇರೆ ಉಪದೇಶ ಬೇಕಾಗುವುದಿಲ್ಲ.