ಹಾಡಿನ ಒಡೆತನ, ನೆಲದ ಒಡೆತನ: ಹಿಪ್‌ಹಾಪ್‌ನ ಆರ್ಥಿಕ ನೆಲೆಗಳು

ಹಿಪ್‌ಹಾಪ್ ಅನ್ನು ಪ್ರತಿಭಟನೆಯ ಕಾವ್ಯವೆಂದು ಗುರುತಿಸಿ ಚರ್ಚೆಯನ್ನು ಅಲ್ಲಿಗೇ ನಿಲ್ಲಿಸುವುದು ವಾಡಿಕೆ. ಆದರೆ ಹುಟ್ಟಿನಲ್ಲೇ ಅದಕ್ಕೊಂದು ಗಳಿಕೆಯ ಮುಖವಿತ್ತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಕೂಟವೊಂದನ್ನು ಏರ್ಪಡಿಸಿದರು. ಶಾಲೆ ತೆರೆಯುವ ಮೊದಲು ಹೊಸ ಬಟ್ಟೆಗೆ ಹಣ ಕೂಡಿಸುವುದು ಅವರ ಉದ್ದೇಶವಾಗಿತ್ತು. ಪ್ರವೇಶ ಶುಲ್ಕ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಅಲ್ಲಿ ಧ್ವನಿಮುದ್ರಿಕೆ ನುಡಿಸಿದವರು ಆಕೆಯ ಅಣ್ಣ ಕೂಲ್ ಹರ್ಕ್. ಇಂದು ಹಿಪ್‌ಹಾಪ್‌ನ ಜನ್ಮದಿನವೆಂದು ಆಚರಿಸಲಾಗುತ್ತಿರುವುದು ಈ ದಿನವನ್ನೇ.

ಧ್ವನಿಮುದ್ರಣ ಉದ್ಯಮ ಪ್ರವೇಶಿಸಿದ ಮೇಲೆ ಗಳಿಕೆಯೂ ಕರ್ತೃತ್ವವೂ ಕೇರಿಯಿಂದ ಹೊರಗೆ ಹರಿಯತೊಡಗಿದವು. 1979ರ ಪ್ರಸಿದ್ಧ ಗೀತೆ ‘ರ‍್ಯಾಪರ್ಸ್ ಡಿಲೈಟ್’ನಲ್ಲಿ ಬ್ರಾಂಕ್ಸ್‌ನ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಕಟ್ಟಿದ ಸಾಲುಗಳಿದ್ದರೂ ಮುದ್ರಿಕೆಯ ಮೇಲೆ ಅವರ ಹೆಸರಿರಲಿಲ್ಲ. ಮೌಖಿಕ ಪರಂಪರೆಯ ಅಧ್ಯಯನಕಾರರಿಗೆ ಇದು ಅಪರಿಚಿತ ಸಂಗತಿಯೇನಲ್ಲ.

ಈ ಹಿನ್ನೆಲೆಯಲ್ಲಿ ಲಾಸ್ ಏಂಜಲೀಸ್‌ನ ಕ್ರೆನ್ಶಾ ಪ್ರದೇಶದ ನಿಪ್ಸಿ ಹಸಲ್ ಅವರ (1985–2019) ಪ್ರಯೋಗ ವಿಶೇಷ ಗಮನಕ್ಕೆ ಅರ್ಹವಾಗಿದೆ. 2013ರಲ್ಲಿ ಅವರು ‘ಕ್ರೆನ್ಶಾ’ ಎಂಬ ಗೀತಗುಚ್ಛವನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೀಡಿ, ಅದರದೇ 1000 ಪ್ರತಿಗಳನ್ನು ತಲಾ 100 ಡಾಲರಿಗೆ ಮಾರಾಟಕ್ಕಿಟ್ಟರು. ಖ್ಯಾತ ಗಾಯಕ ಜೇ-ಝಡ್ ಒಬ್ಬರೇ 100 ಪ್ರತಿಗಳನ್ನು ಕೊಂಡರು. ಉಚಿತವಾಗಿ ದೊರೆಯುವುದಕ್ಕೆ ನೂರು ಡಾಲರ್ ತೆರುವವನು ಕೊಳ್ಳುವುದು ಹಾಡನ್ನಲ್ಲ. ಹಾಡುಗಾರನ ಸ್ವಾತಂತ್ರ್ಯದಲ್ಲಿ ಒಂದು ಪಾಲನ್ನು. ಹಳೆಯ ಪೋಷಕತ್ವದಲ್ಲಿ ದೊರೆಯೊಬ್ಬನಿಗಿದ್ದ ಸ್ಥಾನ ಇಲ್ಲಿ ಸಾವಿರ ಜನರಲ್ಲಿ ಹಂಚಿಹೋಗಿದೆ ಎನ್ನಬಹುದು.

ಬಂದ ಹಣ ಎಲ್ಲಿ ಹೂಡಿಕೆಯಾಯಿತು ಎಂಬುದು ಇನ್ನೂ ಮುಖ್ಯವಾದುದು. ತಾವು ಹಿಂದೆ ಧ್ವನಿಮುದ್ರಿಕೆ ಮಾರುತ್ತಿದ್ದ ಸ್ಲಾಸನ್–ಕ್ರೆನ್ಶಾ ಕೂಡುರಸ್ತೆಯ ಬಳಿಯೇ 2017ರಲ್ಲಿ ಅವರು ಬಟ್ಟೆ ಅಂಗಡಿ ತೆರೆದರು. 2018ರಲ್ಲಿ ಡೇವಿಡ್ ಗ್ರಾಸ್ ಅವರೊಡಗೂಡಿ ಆರಂಭಿಸಿದ ‘ವೆಕ್ಟರ್ 90’ ಎಂಬ ಕೇಂದ್ರ ಹೊಸ ಉದ್ಯಮಿಗಳಿಗೆ ಕೆಲಸದ ಜಾಗ ಒದಗಿಸುವುದರೊಂದಿಗೆ, ಸ್ಥಳೀಯ ಯುವಜನರಿಗೆ ವಿಜ್ಞಾನ, ತಂತ್ರಜ್ಞಾನಗಳ ಕಲಿಕೆಯನ್ನೂ ಗುರಿಯಾಗಿಸಿಕೊಂಡಿತ್ತು. ಅಂಗಡಿಯಿದ್ದ ಮಳಿಗೆ ಸಂಕೀರ್ಣವನ್ನೇ ಇಬ್ಬರೂ ಸೇರಿ ಕೊಂಡರು.

ಈ ಖರೀದಿಯನ್ನು ಸಿರಿವಂತಿಕೆಯ ಪ್ರದರ್ಶನವೆಂದು ಓದುವುದು ಸರಿಯಾಗಲಾರದು. ಜನಾಂಗೀಯ ನಿರ್ಬಂಧದ ಕರಾರುಗಳು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಪ್ಪು ಜನರನ್ನು ನಗರದ ಬಹುಭಾಗದಲ್ಲಿ ಮನೆ ಕೊಳ್ಳದಂತೆ ತಡೆದಿದ್ದವು. ಕ್ರೆನ್ಶಾ ಮಾರ್ಗದಲ್ಲಿ 2022ರಲ್ಲಿ ಆರಂಭವಾದ ಮೆಟ್ರೋ ರೈಲಿನ ಕಾಮಗಾರಿ ನಡೆಯುತ್ತಿದ್ದಾಗಲೇ ಬಾಡಿಗೆದಾರರಿಗೆ ಎತ್ತಂಗಡಿಯ ಭಯ ಎದುರಾಗಿತ್ತು. ಕೇರಿಯ ಹೆಸರನ್ನು ಹಾಡಿನಲ್ಲಿ ಉಳಿಸಿದವರಿಗೆ ಕೇರಿಯಲ್ಲೇ ಉಳಿಯುವ ಹಕ್ಕು ಇರಲಿಲ್ಲ.

2019ರ ಮಾರ್ಚ್ 31ರಂದು ಅದೇ ಅಂಗಡಿಯ ಮುಂದೆ ನಿಪ್ಸಿ ಗುಂಡೇಟಿಗೆ ಬಲಿಯಾದರು. ಒಬ್ಬ ಕಲಾವಿದನ ಖ್ಯಾತಿಯನ್ನೇ ಬಂಡವಾಳವಾಗಿಸಿಕೊಂಡ ಸಬಲೀಕರಣ ಅವನ ನಂತರ ಯಾರ ಕೈಯಲ್ಲಿ, ಯಾವ ಸಾಂಸ್ಥಿಕ ರೂಪದಲ್ಲಿ ಮುಂದುವರಿಯಬೇಕು ಎಂಬ ಪ್ರಶ್ನೆಗೆ ಆ ಪ್ರಯೋಗದೊಳಗೆ ಉತ್ತರ ರೂಪುಗೊಳ್ಳಲು ಕಾಲಾವಕಾಶ ದೊರೆಯಲಿಲ್ಲ.