ಕಳ್ಳಿ ಕಾಡಿನ ಕೌದಿಗಳು

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರದಲ್ಲಿ ವರ್ಷಕ್ಕೆ ಎರಡೇ ಕಾಲ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ನಡೆಯುವ ಕಾಲ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೊಲಿಯುವ ಕಾಲ. ಪಂಚಾಂಗದಲ್ಲಿ ಹೀಗೆ ಬರೆದಿಲ್ಲ, ಆದರೆ ಅಲ್ಲಿ ಕ್ವಿಲ್ಟ್, ಅಂದರೆ ಅಮೆರಿಕದ ಕೌದಿ, ಹೊಲಿಯುವ ಹೆಂಗಸರನ್ನು ಕೇಳಿದರೆ ಲೆಕ್ಕ ಹೀಗೇ ಸಿಗುತ್ತದೆ. ಜೂನ್ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಬೆಳಗಿನ ಎಂಟಕ್ಕೆಲ್ಲ ಕಿಟಕಿಯ ಪರದೆ ಎಳೆದು ಮನೆಯೊಳಗೆ ಸೇರಿಕೊಂಡವರು ಸಂಜೆವರೆಗೆ ಹೊರಗೆ ತಲೆ ಹಾಕುವುದಿಲ್ಲ. ಹೊಲಿಗೆ ಯಂತ್ರಗಳು ಹೆಚ್ಚು ಓಡುವುದು ಆಗಲೇ. ಚಳಿ ಕಾಲಿಡುತ್ತಿದ್ದಂತೆ ಅದೇ ಹೆಂಗಸರು ಬೂಟು ಕಟ್ಟಿ, ಅಗಲ ಟೋಪಿ ಹಾಕಿ ಮರುಭೂಮಿಯ ದಾರಿ ಹಿಡಿಯುತ್ತಾರೆ.

ಧಾರವಾಡದ ನಮ್ಮಕ್ಕ ಮಗನ ಸಂಸಾರದ ಜೊತೆ ಇರಲು ಹೋಗಿ ಅಲ್ಲಿಯವಳೇ ಆಗಿದ್ದಾಳೆ. ಅವಳ ಬೆನ್ನು ಹತ್ತಿ ಹೋದ ನನಗೆ ಮೊದಲು ಬಂದ ಪ್ರಶ್ನೆ ಎಲ್ಲರಿಗೂ ಬರುವಂಥದ್ದೇ: "ಅಕ್ಕಾ, ಇಂಥಾ ಬಿಸಿಲಾಗ ಕೌದಿ ಯಾರು ಹೊದ್ಕೋತಾರ?"

"ಡಿಸೆಂಬರ್ ರಾತ್ರಿ ಒಂದ್ಸಲ ಇಲ್ಲಿ ಮಲ್ಕೊಂಡು ನೋಡು, ಆಮ್ಯಾಲ ಕೇಳು" ಅಂದಳು.

ಮರುಭೂಮಿ ಹಗಲಲ್ಲಿ ಕಾದಷ್ಟೇ ಬೇಗ ರಾತ್ರಿ ಆರುತ್ತದೆ. ಗಾಳಿಯಲ್ಲಿ ತೇವವಿಲ್ಲ, ತಲೆಯ ಮೇಲೆ ಮೋಡವಿಲ್ಲ, ನೆಲದ ಕಾವನ್ನು ಹಿಡಿದಿಡಲು ಏನೂ ಇಲ್ಲ. ಡಿಸೆಂಬರ್–ಜನವರಿಯಲ್ಲಿ ರಾತ್ರಿಯ ಉಷ್ಣತೆ ನಾಲ್ಕೈದು ಡಿಗ್ರಿಗೆ ಇಳಿಯುವುದು ಮಾಮೂಲು. ಹಾಗಾಗಿ ಹೊದಿಕೆ ಬೇಕೇ ಬೇಕು. ಆದರೆ ಅಲ್ಲಿ ಹೊಲಿಯುವ ಕ್ವಿಲ್ಟ್‌ಗಳಲ್ಲಿ ಹೊಲಿದವರ ಮನೆಯಲ್ಲೇ ಉಳಿಯುವುದು ಕಡಿಮೆ. ಬಹುಪಾಲು ಬೇರೆಯವರಿಗೆ ಹೋಗುತ್ತವೆ. ಈ ಕಸುಬಿನ ಜೀವ ಇರುವುದೇ ಈ ಕೊಡುವುದರಲ್ಲಿ ಎಂಬುದು ಅವರ ನಡುವೆ ಕುಳಿತಮೇಲೆ ನನಗೆ ತಿಳಿಯಿತು.

ಕ್ವಿಲ್ಟ್ ಎಂದರೆ ಮೂರು ಪದರ. ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿದ ಚಿತ್ತಾರ, ನಡುವೆ ಹತ್ತಿಯ ಹಾಸು, ಕೆಳಗೆ ಅಸ್ತರು. ಮೂರನ್ನೂ ಹಿಡಿದಿಡುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯುವ ಹೊಲಿಗೆ. ನಮ್ಮ ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆ ಸೀರೆ, ಹಳೆ ಧೋತರ ಪದರ ಪದರವಾಗಿ ಕೂತಿರುತ್ತವೆ. ಅಮೆರಿಕದಲ್ಲೂ ಹಿಂದೆ ಹಳೆ ಬಟ್ಟೆ ಸೇರಿಸುವುದಿತ್ತು. 1930ರ ದಶಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಹಿಟ್ಟಿನ ಚೀಲ, ಕೋಳಿ ಆಹಾರದ ಚೀಲಗಳ ಬಟ್ಟೆಯಿಂದ ಅಂಗಿ ಹೊಲಿದು, ಮಿಕ್ಕ ತುಂಡನ್ನು ಕ್ವಿಲ್ಟಿಗೆ ಸೇರಿಸುತ್ತಿದ್ದರು. ಅದು ಗೊತ್ತಾಗಿ ಚೀಲದ ಕಂಪನಿಗಳೇ ಹೂಬಳ್ಳಿಯ ಅಚ್ಚು ಹಾಕಿದ ಚೀಲ ಮಾರತೊಡಗಿದವು. ಈಗ ಬಹುತೇಕರು ಹೊಸ ಹತ್ತಿ ಬಟ್ಟೆಯನ್ನೇ ಕೊಂಡು ತರುತ್ತಾರೆ.

ನಡುವೆ ಕೆಲವು ದಶಕ ಈ ಕಸುಬು ಅಜ್ಜಿಯರ ಪೆಟ್ಟಿಗೆ ಸೇರಿತ್ತು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಹಳೆಯ ಕ್ವಿಲ್ಟ್‌ಗಳನ್ನು ವರ್ಣಚಿತ್ರಗಳ ಹಾಗೆ ಗೋಡೆಗೆ ತೂಗುಹಾಕಿ ಪ್ರದರ್ಶನ ನಡೆಸಿತು. 1976ರಲ್ಲಿ ದೇಶ ಸ್ವಾತಂತ್ರ್ಯದ ಇನ್ನೂರನೇ ವರ್ಷ ಆಚರಿಸುವಾಗ ಊರೂರಿನಲ್ಲಿ ಮತ್ತೆ ಸೂಜಿ ಹೊರಬಂತು. ಹೊಲಿಯುವವರ ಸಂಘಗಳು, ಅಂದರೆ ಗಿಲ್ಡ್‌ಗಳು, ಎಲ್ಲೆಡೆ ಹುಟ್ಟಿಕೊಂಡದ್ದು ಈ ಹೊತ್ತಿನಲ್ಲೇ. ಅರಿಜೋನಾದಲ್ಲಂತೂ ಅದಕ್ಕೂ ಮೊದಲೇ ಕೆಲವರು ದೀಪ ಹಿಡಿದು ಕಾದಿದ್ದರು. ಪ್ರೆಸ್ಕಾಟ್ ಊರಿನ ಎಮ್ಮಾ ಆಂಡ್ರೆಸ್ ತಮ್ಮ ಕುಟುಂಬದ ಸಿಗಾರ್ ಅಂಗಡಿಯಲ್ಲೇ ತಾವು ಹೊಲಿದ ಕ್ವಿಲ್ಟ್‌ಗಳನ್ನು ತೂಗುಹಾಕಿ, ಕಡೆಗೆ ಅಂಗಡಿಯನ್ನೇ ಒಂದು ಪುಟ್ಟ ಸಂಗ್ರಹಾಲಯ ಮಾಡಿದರು. ಅದಕ್ಕೆ ಅವರಿಟ್ಟ ಹೆಸರು 'ಹ್ಯಾಪಿನೆಸ್ ಮ್ಯೂಸಿಯಂ'.

ಟೂಸಾನ್ ಕ್ವಿಲ್ಟರ್ಸ್ ಗಿಲ್ಡ್ ಆ ನಗರದ ದೊಡ್ಡ ಸಂಘ. ಅವರು ನಡೆಸುವ ಕ್ವಿಲ್ಟ್ ಫಿಯೆಸ್ಟಾ ಎಂಬ ಪ್ರದರ್ಶನಕ್ಕೆ ದೂರದೂರದಿಂದ ಜನ ಬರುತ್ತಾರೆ. ಆದರೆ ನನ್ನ ಮನಸ್ಸು ಹೆಚ್ಚು ನಿಂತದ್ದು ಅಕ್ಕ ಹೋಗುವ ನೆರೆಹೊರೆಯ ಸಣ್ಣ ಗುಂಪಿನಲ್ಲಿ. ಉದ್ದ ಮೇಜು, ನಾಲ್ಕಾರು ಯಂತ್ರ, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ, ಬಾಗಿಲ ಬಳಿ ಕಾಫಿ. ನಿವೃತ್ತ ಶಿಕ್ಷಕಿಯರು, ದಾದಿಯರು, ಚಳಿಗಾಲಕ್ಕೆಂದು ಉತ್ತರದ ಹಿಮದ ಊರುಗಳಿಂದ ಇಳಿದು ಬರುವ ಅಜ್ಜಿಯರು.

ಅವರು ಕಾಲಿಂಚನ್ನು ದೇವರ ಹಾಗೆ ನಂಬುತ್ತಾರೆ. ಎರಡು ತುಂಡು ಸೇರಿಸುವಾಗ ಅಂಚಿನಿಂದ ಕಾಲಿಂಚು ಒಳಗೆ ಹೊಲಿಗೆ ಬೀಳಬೇಕು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಎರಡೂವರೆ ಇಂಚಿನ ಚೌಕ ನಾಲ್ಕೂ ಬದಿಗೆ ಜೋಡಣೆಯಾದಮೇಲೆ ಎರಡು ಇಂಚಿನ ಚೌಕವಾಗಿ ಕಾಣುವುದು ಇದರಿಂದ. ಒಂದೊಂದು ಜೋಡಣೆಯಲ್ಲಿ ಇಂಚಿನ ಎಂಟನೇ ಒಂದು ಭಾಗ ನುಂಗಿಹೋದರೂ ಹದಿನಾರು ಜೋಡಣೆಯ ಸಾಲಿನಲ್ಲಿ ಎರಡು ಇಂಚು ಮಾಯ, ಪಕ್ಕದ ಸಾಲಿನ ಮೂಲೆಗೆ ಇದರ ಮೂಲೆ ಸೇರುವುದೇ ಇಲ್ಲ. ಆಗ ಯಾರೂ ಮುಖ ಸಿಂಡರಿಸುವುದಿಲ್ಲ. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ ಕತ್ತಿಯನ್ನು ಪಕ್ಕದವರು ಮಾತಿಲ್ಲದೆ ಮುಂದೆ ಸರಿಸುತ್ತಾರೆ.

ಅವರು ಹೆಚ್ಚು ಹೊಲಿಯುವ ವಿನ್ಯಾಸಗಳಲ್ಲಿ 'ಲಾಗ್ ಕ್ಯಾಬಿನ್', ಅಂದರೆ ಮರದ ದಿಮ್ಮಿಯ ಮನೆ, ನನಗೆ ಇಷ್ಟವಾದದ್ದು. ನಡುವೆ ಒಂದು ಕೆಂಪು ಚೌಕ. ಅದು ಒಲೆ. ಅದರ ಸುತ್ತ ಪಟ್ಟಿಗಳನ್ನು ಒಂದರ ಮಗ್ಗುಲಿಗೊಂದು ಸುತ್ತಿಸುತ್ತ ಹೋಗಬೇಕು. ಒಂದು ಕಡೆ ತಿಳಿ ಬಣ್ಣ, ಇನ್ನೊಂದು ಕಡೆ ಕಡು ಬಣ್ಣ. ಬಿಸಿಲು ಒಂದೆಡೆ, ನೆರಳು ಒಂದೆಡೆ. ಟೂಸಾನಿನವರು ಈ ಹಳೆಯ ವಿನ್ಯಾಸಕ್ಕೆ ತಮ್ಮ ಗುಡ್ಡಗಳ ಬಣ್ಣ ತರುತ್ತಾರೆ: ಸಂಜೆಯ ನೇರಳೆ, ಇಟ್ಟಿಗೆ ಕೆಂಪು, ಬೂದು ಬೆರೆತ ಹಸಿರು.

ಆ ಬಣ್ಣಗಳನ್ನು ತರಲೆಂದೇ ಅವರು ನಡೆಯುತ್ತಾರೆ ಅನ್ನಲಾರೆ. ಆದರೆ ನಡೆಯದೆ ಆ ಬಣ್ಣ ಕಾಣುವುದಿಲ್ಲ. ಊರ ಪಕ್ಕದಲ್ಲೇ ಟುಮಮಾಕ್ ಗುಡ್ಡವಿದೆ. ಕಾರ್ನೆಗಿ ಸಂಸ್ಥೆ 1903ರಲ್ಲಿ ಅಲ್ಲಿ ಮರುಭೂಮಿಯ ಗಿಡಗಳ ಅಧ್ಯಯನಕ್ಕೆ ಪ್ರಯೋಗಾಲಯ ತೆರೆಯಿತು. ಈಗ ಅದು ಅರಿಜೋನಾ ವಿಶ್ವವಿದ್ಯಾಲಯದ ಕೈಯಲ್ಲಿದೆ. ತುದಿಯವರೆಗೆ ಡಾಂಬರು ದಾರಿ, ಹೋಗಲು ಸುಮಾರು ಒಂದೂವರೆ ಮೈಲಿ. ಬೆಳಕು ಹರಿಯುವ ಮೊದಲೇ ಹಣೆಗೆ ದೀಪ ಕಟ್ಟಿಕೊಂಡ ಕುಟುಂಬಗಳು ಅಲ್ಲಿ ಹತ್ತುತ್ತಿರುತ್ತವೆ. ಮೊಮ್ಮಗ ಓಡುತ್ತಾನೆ, ಅಜ್ಜಿ ಕೋಲೂರಿ ಬರುತ್ತಾಳೆ, ಇಬ್ಬರೂ ಒಂದೇ ತಿರುವಿನಲ್ಲಿ ನೀರು ಕುಡಿಯುತ್ತಾರೆ. ಇನ್ನೂ ದೂರದ ದಾರಿ ಬೇಕೆನ್ನುವವರಿಗೆ ನಗರದ ಪೂರ್ವಕ್ಕೂ ಪಶ್ಚಿಮಕ್ಕೂ ಹರಡಿರುವ ಸವಾರೊ ರಾಷ್ಟ್ರೀಯ ಉದ್ಯಾನವಿದೆ. 1933ರಲ್ಲಿ ಸಂರಕ್ಷಿತ ತಾಣವಾದದ್ದು, 1994ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಸವಾರೊ ಎಂದರೆ ಆ ಕೈ ಎತ್ತಿ ನಿಂತ ದೈತ್ಯ ಕಳ್ಳಿ. ಸಿನಿಮಾದಲ್ಲಿ ನೋಡಿದವರಿಗೆ ಅದರ ಆಕಾರ ಗೊತ್ತು, ವಯಸ್ಸು ಗೊತ್ತಿರುವುದಿಲ್ಲ. ಮೊದಲ ಎಂಟು ಹತ್ತು ವರ್ಷದಲ್ಲಿ ಅದು ಬೆಳೆಯುವುದು ಒಂದೂವರೆ ಇಂಚಿನಷ್ಟು. ಎಳವೆಯಲ್ಲಿ ಬಿಸಿಲು, ಚಳಿ ಎರಡೂ ತಾಗದಂತೆ ಪಾಲೊ ವರ್ಡೆಯಂಥ ಮರವೊಂದು ಅದಕ್ಕೆ ನೆರಳು ಕೊಡುತ್ತದೆ. ಅಲ್ಲಿನವರು ಅದನ್ನು ದಾದಿ ಮರ ಅನ್ನುತ್ತಾರೆ. ಮೊದಲ ಕೈ ಮೂಡಲು ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು, ಕೆಲವೆಡೆ ಇನ್ನೂ ಹೆಚ್ಚು. ನಲವತ್ತು ಅಡಿ ದಾಟಿದ, ನೂರೈವತ್ತು ವರ್ಷ ಬಾಳಿದ ಕಳ್ಳಿಗಳು ಅಲ್ಲಿವೆ. ಒಂದು ಕೈಯೂ ಮೂಡದ, ಎರಡಾಳೆತ್ತರದ ಗಿಡದ ಮುಂದೆ ನಿಂತು ಅಕ್ಕ, "ಇದು ನನಗಿಂತ ದೊಡ್ಡದ ಇದ್ದೀತು" ಅಂದಾಗ ನನಗೆ ಅದರತ್ತ ಬಹುವಚನದಲ್ಲಿ ಮಾತಾಡಬೇಕೆನ್ನಿಸಿತು.

ಮರುಭೂಮಿಯ ದಾರಿಗೆ ಅದರದೇ ಶಿಸ್ತಿದೆ. ನೀರು ಅರ್ಧ ಮುಗಿಯಿತೆಂದರೆ, ಎಲ್ಲಿದ್ದರೂ ಸರಿ, ಹಿಂದಿರುಗಬೇಕು. ಇಡೀ ದಿನದ ನಡಿಗೆಗೆ ತಲೆಗೆ ನಾಲ್ಕು ಲೀಟರ್ ಹೊರಬೇಕು. ಕಲ್ಲಿನ ಸಂದಿಗೆ ನೋಡದೆ ಕೈ ಹಾಕಬಾರದು, ಬುಡುಬುಡಿಕೆ ಹಾವು ಅಲ್ಲೇ ತಂಪು ಹುಡುಕಿಕೊಂಡು ಮಲಗಿರುತ್ತದೆ. ಇನ್ನೊಂದು ಸಾಮಾನು ಎಲ್ಲರ ಚೀಲದಲ್ಲೂ ಕಂಡೆ: ತಲೆ ಬಾಚುವ ಬಾಚಣಿಗೆ! ಚೋಯಾ ಎಂಬ ಕಳ್ಳಿಯ ತುಂಡುಗಳು ಬಟ್ಟೆ ಸೋಕಿದರೆ ಸಾಕು ಕಳಚಿಕೊಂಡು ಮೈಗೆ ಅಂಟುತ್ತವೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖದ ಸಣ್ಣ ಕೊಕ್ಕೆಗಳಿರುವುದರಿಂದ ಕೈಯಿಂದ ಕೀಳಲು ಹೋದರೆ ಕೈಗೇ ನೆಡುತ್ತವೆ. ಬಾಚಣಿಗೆಯ ಹಲ್ಲನ್ನು ಮುಳ್ಳುಂಡೆಯ ಕೆಳಗೆ ತೂರಿಸಿ ಒಮ್ಮೆಲೇ ಚಿಮ್ಮಿಸಬೇಕು. ಅಕ್ಕನ ಗುಂಪಿನ ಒಬ್ಬ ಅಜ್ಜಿ ನನ್ನ ಮಣಿಕಟ್ಟಿನಿಂದ ಹೀಗೆ ಒಂದನ್ನು ಹಾರಿಸಿ, ಉಳಿದ ಎರಡು ಮುಳ್ಳನ್ನು ಚಿಮುಟದಿಂದ ಕಿತ್ತು, ಏನೂ ಆಗದವರಂತೆ ಮುಂದೆ ನಡೆದರು. ನಾನು ಥ್ಯಾಂಕ್ಸ್ ಹೇಳುವಷ್ಟರಲ್ಲಿ ಅವರು ತಿರುವು ದಾಟಿದ್ದರು.

ಈ ನೆಲದಲ್ಲಿ ಕೃತಜ್ಞತೆ ಹೊಸ ವಿಷಯವಲ್ಲ. ಕ್ವಿಲ್ಟ್ ಬರುವ ಎಷ್ಟೋ ಮೊದಲಿನಿಂದ ಇಲ್ಲಿ ಬಾಳಿದವರು ತೊಹೊನೊ ಓಡಮ್ ಜನ. ಸವಾರೊ ಹಣ್ಣಾಗುವ ಜೂನ್ ಕೊನೆಗೆ ಅವರ ಹೊಸ ವರ್ಷ. ಒಣಗಿದ ಸವಾರೊದ ಒಳಗಿನ ಗಳುಗಳನ್ನು ಕಟ್ಟಿ ಮಾಡಿದ ಉದ್ದನೆಯ ದೋಟಿಯಿಂದ ಹಣ್ಣು ಕೀಳುತ್ತಾರೆ. ತಿರುಳು ತೆಗೆದ ಸಿಪ್ಪೆಯನ್ನು ಎಸೆಯದೆ, ಕೆಂಪು ಒಳಮೈ ಆಕಾಶ ನೋಡುವಂತೆ ನೆಲದ ಮೇಲಿಡುತ್ತಾರೆ. ಸಿಕ್ಕ ಹಣ್ಣಿಗೆ ವಂದನೆ, ಬರಬೇಕಾದ ಮಳೆಗೆ ಕರೆ. ವರ್ಷಕ್ಕೆ ಹನ್ನೊಂದು ಹನ್ನೆರಡು ಇಂಚು ಮಳೆ ಕಾಣುವ ಊರಿನಲ್ಲಿ ಅದರ ಬೆಲೆ ಏನೆಂದು ನಮ್ಮ ಬಯಲುಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಕ್ವಿಲ್ಟ್ ಹೊಲಿಯುವವರದು ಬೇರೆ ಸಂಪ್ರದಾಯ, ಬೇರೆ ಮೂಲ. ಆದರೆ ಬಾಯಲ್ಲಿ ಹೇಳಿ ಮುಗಿಸದೆ ಕೈಯಲ್ಲಿ ಮಾಡಿ ತೋರುವುದು ಅವರಲ್ಲೂ ಇದೆ. ದೇಶದ ಉದ್ದಗಲಕ್ಕೂ ಗಿಲ್ಡ್‌ಗಳು ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ, ಪೋಷಕ ಮನೆಗಳಿಗೆ ಹೋಗುವ ಮಕ್ಕಳಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಕ್ವಿಲ್ಟ್ ಹೊಲಿದು ಕೊಡುತ್ತವೆ. ಮಗ ಇರಾಕ್ ಯುದ್ಧಕ್ಕೆ ಹೋಗಿದ್ದಾಗ ಕ್ಯಾಥರಿನ್ ರಾಬರ್ಟ್ಸ್ ಎಂಬ ತಾಯಿ 2003ರಲ್ಲಿ 'ಕ್ವಿಲ್ಟ್ಸ್ ಆಫ್ ವೇಲರ್' ಆರಂಭಿಸಿದರು. ಯುದ್ಧ ಕಂಡು ಬಂದ ಯೋಧರಿಗೆ ಹೀಗೆ ಸಂದ ಕ್ವಿಲ್ಟ್‌ಗಳು ಇದುವರೆಗೆ ಮೂರು ಲಕ್ಷ ದಾಟಿವೆ. ಕೊಡುವಾಗ ಮಡಚಿ ಕೈಗಿಡುವುದಿಲ್ಲ, ಬಿಚ್ಚಿ ಹೆಗಲ ಸುತ್ತ ಹೊದಿಸುತ್ತಾರೆ. ವಾಯುನೆಲೆ ಇರುವ ಟೂಸಾನಿನಲ್ಲಿ ನಿವೃತ್ತ ಸೈನಿಕರು ಬಹಳ. ಎಂಬತ್ತು ದಾಟಿದ, ವಿಯೆಟ್ನಾಂ ಕಂಡ ಮುದುಕರೊಬ್ಬರು ಹೊದ್ದ ಕ್ವಿಲ್ಟಿನ ಅಂಚನ್ನು ಬೆರಳಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು ಎಂದು ಅಕ್ಕ ಹೇಳುವಾಗ ಅವಳ ಗಂಟಲೂ ಕಟ್ಟಿತು.

ಹೀಗೆ ಕೊಡುವ ಕ್ವಿಲ್ಟಿನ ಹಿಂದೆ, ಸಾಮಾನ್ಯವಾಗಿ ಕೆಳ ಮೂಲೆಯಲ್ಲಿ, ಒಂದು ಬಟ್ಟೆಯ ಚೀಟಿ ಇರುತ್ತದೆ. ಯಾರು ಹೊಲಿದರು, ಯಾರಿಗಾಗಿ, ಯಾವ ಊರು, ಯಾವ ವರ್ಷ. ನಮ್ಮ ಅವ್ವಂದಿರು ಹೊಲಿದ ಕೌದಿಗಳಲ್ಲಿ ಇದಿಲ್ಲ. ಯಾವ ಸೀರೆಯ ಸೆರಗು ಎಲ್ಲಿದೆ ಎಂದು ಹೇಳುವವರು ಹೋದಮೇಲೆ ಕೌದಿಯೂ ಮೂಕ. ನಮ್ಮವರು ಈ ಒಂದು ರೂಢಿಯನ್ನು ಇವರಿಂದ ಕಲಿಯಲೇಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ.

ಅವರು ನಮ್ಮಿಂದ ಕಲಿಯುತ್ತಿರುವುದೂ ಇದೆ. ಅಮೆರಿಕದ ಗಿಲ್ಡ್‌ಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ ಈಗ 'ಕವಂದಿ' ತರಗತಿ ನಡೆಯುತ್ತವೆ. ಕವಂದಿ ಎಂದರೆ ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರ ಕೌದಿ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ಅಧ್ಯಯನ ಮಾಡಿ ಅಮೆರಿಕದ ಪ್ರದರ್ಶನಗಳಿಗೆ ಒಯ್ದರು. ಸ್ಯಾನ್ ಫ್ರಾನ್ಸಿಸ್ಕೊದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಜಿಯೊ ಸಿದ್ದಿಯರಿಂದ ಕಲಿತು ತಮ್ಮಲ್ಲಿ ಹಬ್ಬಿಸಿದರು. ಅಮೆರಿಕದ ಕ್ವಿಲ್ಟಿನ ಹೊಲಿಗೆ ಸಾಮಾನ್ಯವಾಗಿ ನಡುವಿನಿಂದ ಅಂಚಿಗೆ ಸಾಗಿದರೆ, ಸಿದ್ದಿಯರದು ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ. ಅಳತೆಪಟ್ಟಿ ಬೇಡ, ಕಾಲಿಂಚಿನ ಭಯ ಬೇಡ. ಕಡೆಗೆ ನಾಲ್ಕು ಮೂಲೆಗೆ ನಾಲ್ಕು ಮಡಿಕೆಯ 'ಫುಲಾ', ಅಂದರೆ ಹೂವು, ಇಡಲೇಬೇಕು. ಅದಿಲ್ಲದೆ ಕೌದಿ ಮುಗಿಯುವುದಿಲ್ಲ.

ಧಾರವಾಡಕ್ಕೆ ಯಲ್ಲಾಪುರ ಎಷ್ಟು ದೂರ ಹೇಳಿ! ಆದರೂ ಅಕ್ಕ ಸಿದ್ದಿಯರ ಹೊಲಿಗೆಯನ್ನು ಮೊದಲು ನೋಡಿದ್ದು ಟೂಸಾನಿನ ಆ ಉದ್ದ ಮೇಜಿನ ಮೇಲೆ. ಗೆಳತಿಯರು, ನಿಮ್ಮ ಕಡೆಯದಲ್ಲವೇ, ನೀವೇ ಹೇಳಿಕೊಡಿ ಎಂದು ಅವಳ ಸುತ್ತ ಕೂತರಂತೆ. ಈ ಚಳಿಗಾಲಕ್ಕೆ ಊರಿಗೆ ಬರುವಾಗ ಇಬ್ಬರು ಗೆಳತಿಯರನ್ನೂ ಕರೆತರುತ್ತಾಳೆ. "ಯಲ್ಲಾಪುರಕ್ಕ ಒಂದು ಗಾಡಿ ಹೇಳಿಡು ತಂಗಿ, ಸಂಜೀಗೆ ಹೊಳ್ಳಿ ಬರೂದಲ್ಲ, ನಾಲ್ಕು ದಿವಸ ಇರತೇವಿ. ಸೂಜಿ-ದಾರ ನಮ್ಮ ಹತ್ರ ಅದಾವು" ಎಂದು ಫೋನಿನಲ್ಲಿ ತಿಳಿಸಿದ್ದಾಳೆ.